‘ಅಂತರರಾಷ್ಟ್ರೀಯ’ಕ್ಕೆ ಆಯ್ಕೆ: ಆಯ್ದವರು ಯಾರು?

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಒಂದು ಅಭ್ಯಾಸ ಬಿಡದೆ ಅಂಟಿಕೊಂಡಿರುತ್ತದೆ. ಬೀದಿಯಲ್ಲಿ ಕಾಣುವ ಪ್ರತಿಯೊಂದು ಫಲಕವನ್ನೂ ಅವನು ಉತ್ತರಪತ್ರಿಕೆಯಂತೆ ಓದುತ್ತಾನೆ. ಈಚಿನ ವರ್ಷಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ವೃತ್ತಗಳಲ್ಲಿ, ಬಸ್ ನಿಲ್ದಾಣಗಳ ಎದುರಿನಲ್ಲಿ ನಾನು ಮತ್ತೆ ಮತ್ತೆ ಓದಿದ ಒಂದು ವಾಕ್ಯವಿದೆ: “ಅಂತರರಾಷ್ಟ್ರೀಯ ಕರಾಟೆ ಸ್ಪರ್ಧೆಗೆ ಆಯ್ಕೆಯಾದ ನಮ್ಮೂರಿನ ಕ್ರೀಡಾಪಟುಗಳಿಗೆ ಹಾರ್ದಿಕ ಅಭಿನಂದನೆಗಳು.” ಬಿಳಿಯ ಉಡುಪು ತೊಟ್ಟು, ಮುಷ್ಟಿ ಬಿಗಿದು ನಿಂತ ಹತ್ತಾರು ಮಕ್ಕಳ ಭಾವಚಿತ್ರಗಳು, ಅವುಗಳ ಮೇಲೆ ಗಣ್ಯರ ದೊಡ್ಡ ಭಾವಚಿತ್ರಗಳು. ಅಕ್ಷರದೋಷಗಳಿದ್ದರೆ ನಾನು ನಕ್ಕು ಮುಂದೆ ಹೋಗಬಲ್ಲೆ. ಆದರೆ ಈ ವಾಕ್ಯದಲ್ಲಿ ದೋಷವಿರುವುದು ಅಕ್ಷರದಲ್ಲಲ್ಲ, ಅರ್ಥದಲ್ಲಿ. ಆ ದೋಷಕ್ಕೆ ಬಡ ತಂದೆತಾಯಿಗಳು ಹಣ ತೆರುತ್ತಿದ್ದಾರೆ. ಆದ್ದರಿಂದಲೇ ಈ ಬರಹ.

‘ಆಯ್ಕೆ’ ಎಂಬ ಶಬ್ದ ‘ಆಯ್’ ಎಂಬ ಧಾತುವಿನಿಂದ ಬಂದದ್ದು. ಆಯುವುದೆಂದರೆ ಹೆಕ್ಕುವುದು, ಆರಿಸುವುದು. ಭತ್ತದ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊರದಲ್ಲಿ ಅಕ್ಕಿ ಹರಡಿಕೊಂಡು ಕುಳಿತ ತಾಯಿ ಕಲ್ಲು ನೆಲ್ಲುಗಳನ್ನು ಬೇರೆ ಮಾಡುತ್ತಾಳೆ. ಅಲ್ಲಿ ಆರಿಸುವವಳಿದ್ದಾಳೆ, ಉಳಿಸಿಕೊಂಡದ್ದಿದೆ, ಬಿಟ್ಟದ್ದೂ ಇದೆ. ಈ ಮೂರರಲ್ಲಿ ಒಂದು ಇಲ್ಲವಾದರೂ ಅದು ಆಯ್ಕೆಯಾಗದು. ಬಂದ ಚೀಲವನ್ನೆಲ್ಲ ಹಾಗೆಯೇ ತೂಗಿ ಒಳಗೆ ಹಾಕಿಕೊಂಡರೆ ಅದಕ್ಕೆ ಅಂಗಡಿಯವರು ‘ಖರೀದಿ’ ಎನ್ನುತ್ತಾರೆ.

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಎರಡು ಎಕರೆ ಗದ್ದೆ ಮಾಡಿಕೊಂಡಿರುವವನು. ನೀರು ಬಂದ ವರ್ಷ ಬೆಳೆ, ಬಾರದ ವರ್ಷ ಕೂಲಿ. ಕೈಯಲ್ಲಿ ದೇಣಿಗೆಯ ಪುಸ್ತಕವಿತ್ತು.

“ಸರ್, ಮಗಳು ಇಂಟರ್‌ನ್ಯಾಷನಲ್‌ಗೆ ಸೆಲೆಕ್ಟ್ ಆಗ್ಯಾಳ್ರೀ,” ಎಂದ.

“ಭಾಳ ಸಂತೋಷಪ್ಪ. ಸೆಲೆಕ್ಷನ್ ಎಲ್ಲಿ ಆತು?”

“ಸೆಲೆಕ್ಷನ್ ಅಂದ್ರ... ಕ್ಲಾಸಿನಾಗ ಮಾಸ್ತರ್ ಹೇಳಿದ್ರು ರೀ. ಹೆಸರು ಬರಸಿ ರೊಕ್ಕ ಕಟ್ಟಬೇಕಂತ.”

“ಆ ಕ್ಲಾಸಿನಿಂದ ಎಷ್ಟು ಮಂದಿ ಹೊಂಟಾರ?”

“ಹದಿನಾಲ್ಕು ಮಂದಿ ರೀ. ರೊಕ್ಕ ಕಟ್ಟಿದವ್ರೆಲ್ಲಾ ಹೊಂಟಾರ.”

ಇಪ್ಪತ್ತೆಂಟು ಸಾವಿರ ರೂಪಾಯಿ. ಪ್ರವೇಶ ಶುಲ್ಕ, ಪ್ರಯಾಣ, ವಸತಿ, ಹೊಸ ಉಡುಪು ಎಲ್ಲ ಸೇರಿ. ಅರ್ಧವನ್ನು ದಲಾಲಿ ಅಂಗಡಿಯಲ್ಲಿ ಬರುವ ಸುಗ್ಗಿಯ ಮೇಲೆ ಸಾಲ ತಂದಿದ್ದ. ಉಳಿದರ್ಧಕ್ಕೆ ಮನೆಮನೆ ತಿರುಗುತ್ತಿದ್ದ. ಸ್ಪರ್ಧೆ ನಡೆಯುವುದು ನೆರೆಯ ರಾಜ್ಯದ ಒಂದು ಊರಿನಲ್ಲಿ. ನೆರೆಯ ದೇಶವೊಂದರಿಂದ ನಾಲ್ಕಾರು ಮಕ್ಕಳು ಬಂದರೆ ಅದು ಅಂತರರಾಷ್ಟ್ರೀಯ. ಯಾವ ಸಂಘಟನೆ, ಯಾವ ಶಾಲೆ ಎಂದು ನಾನಿಲ್ಲಿ ಬರೆಯುವುದಿಲ್ಲ. ನನ್ನ ಜಗಳ ಒಬ್ಬರೊಡನೆ ಅಲ್ಲ, ಒಂದು ರೂಢಿಯೊಡನೆ.

ನಿಜವಾದ ಆಯ್ಕೆ ಹೇಗಿರುತ್ತದೆ ಎಂಬುದು ನನ್ನ ವಿದ್ಯಾರ್ಥಿಗಳಿಗೆ ತಿಳಿಯದ ಸಂಗತಿಯೇನಲ್ಲ. ನಿಮ್ಮಲ್ಲಿ ಹಲವರು ಖೋ ಖೋ, ಕಬಡ್ಡಿ ಆಡಿದವರು. ಮೊದಲು ವಲಯ ಮಟ್ಟ, ಅಲ್ಲಿ ಗೆದ್ದರೆ ತಾಲೂಕು, ಅನಂತರ ರಾಯಚೂರಿನಲ್ಲಿ ಜಿಲ್ಲಾ ಮಟ್ಟ, ಆಮೇಲೆ ಕಲಬುರಗಿ ವಿಭಾಗ, ಅದನ್ನೂ ದಾಟಿದರೆ ರಾಜ್ಯ. ವಿಭಾಗ ಮಟ್ಟದಲ್ಲಿ ಸೋತು ಬಸ್ಸಿನಲ್ಲಿ ಅಳುತ್ತ ಬಂದ ಹುಡುಗಿಯರಿಗೆ ದಾರಿಯಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿ ಸಮಾಧಾನ ಮಾಡಿದ ದೈಹಿಕ ಶಿಕ್ಷಕರನ್ನು ನಾನು ಬಲ್ಲೆ. ಆ ಮಕ್ಕಳಿಗೆ ತಾವು ಎಲ್ಲಿಯವರೆಗೆ ಹೋದೆವು, ಎಲ್ಲಿ ನಿಂತೆವು ಎಂಬುದು ಸ್ಪಷ್ಟವಾಗಿ ತಿಳಿದಿತ್ತು. ಆ ತಿಳಿವಳಿಕೆಯೇ ಕ್ರೀಡೆ ಕೊಡುವ ಮೊದಲ ವಿದ್ಯೆ.

ಕರಾಟೆಗೂ ಅಂಥದೇ ಏಣಿಯಿದೆ. ಜಗತ್ತಿನ ಮಟ್ಟದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಮಾನ್ಯ ಮಾಡಿರುವುದು ವಿಶ್ವ ಕರಾಟೆ ಒಕ್ಕೂಟವನ್ನು. ಅದರ ಕಚೇರಿ ಇರುವುದು ಸ್ಪೇನಿನ ಮ್ಯಾಡ್ರಿಡ್‌ನಲ್ಲಿ. ಅದರ ಕೆಳಗೆ ಏಷ್ಯಾ ಮುಂತಾದ ಖಂಡಗಳ ಒಕ್ಕೂಟಗಳು, ಅವುಗಳ ಕೆಳಗೆ ದೇಶಕ್ಕೆ ಒಂದೊಂದು ರಾಷ್ಟ್ರೀಯ ಸಂಸ್ಥೆ, ಅದರ ಕೆಳಗೆ ರಾಜ್ಯ, ಜಿಲ್ಲೆ. ವಿಶ್ವ ಚಾಂಪಿಯನ್‌ಷಿಪ್‌ಗಾಗಲಿ ಏಷ್ಯಾ ಚಾಂಪಿಯನ್‌ಷಿಪ್‌ಗಾಗಲಿ ಒಂದು ತೂಕದ ವಿಭಾಗಕ್ಕೆ ಒಂದು ದೇಶದಿಂದ ಒಬ್ಬರೇ ಹೋಗಬೇಕು. ಮತ್ತೊಮ್ಮೆ ಓದಿ: ಒಬ್ಬರೇ. ವಯಸ್ಕ ಹೆಣ್ಣುಮಕ್ಕಳ ಕುಮಿತೆಯಲ್ಲಿ, ಎಂದರೆ ಎದುರಾಳಿಯೊಡನೆ ನೇರ ಸೆಣಸಾಟದಲ್ಲಿ, ತೂಕದ ವಿಭಾಗಗಳು ಐದು: 50 ಕಿಲೋ ಒಳಗೆ, 55ರ ಒಳಗೆ, 61ರ ಒಳಗೆ, 68ರ ಒಳಗೆ, 68ರ ಮೇಲೆ. ಇವಲ್ಲದೆ ಒಂಟಿಯಾಗಿ ಮಾಡುವ ಕಟಾ ಪ್ರದರ್ಶನ ಒಂದು. ಎಂದ ಮೇಲೆ ವೈಯಕ್ತಿಕ ಸ್ಪರ್ಧೆಗಳಲ್ಲಿ ಇಡೀ ಭಾರತದಿಂದ ಆರು ಮಂದಿ ಮಹಿಳೆಯರು. ನಮ್ಮೂರ ಒಂದೇ ತರಗತಿಯಿಂದ ಹದಿನಾಲ್ಕು ಮಂದಿ ‘ಆಯ್ಕೆ’ಯಾಗುವ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಒಲಿಂಪಿಕ್ಸಿನ ಬಾಗಿಲು ಇನ್ನೂ ಇಕ್ಕಟ್ಟು. ಕರಾಟೆ ಒಲಿಂಪಿಕ್ಸಿನಲ್ಲಿ ಕಾಣಿಸಿಕೊಂಡದ್ದು ಒಮ್ಮೆ ಮಾತ್ರ. 2020ಕ್ಕೆಂದು ಗೊತ್ತಾಗಿ, ಮಹಾಮಾರಿಯ ದೆಸೆಯಿಂದ 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಗಂಡಸರಿಗೆ ನಾಲ್ಕು, ಹೆಂಗಸರಿಗೆ ನಾಲ್ಕು, ಒಟ್ಟು ಎಂಟು ಸ್ಪರ್ಧೆಗಳು. ತೂಕದ ಐದು ವಿಭಾಗಗಳನ್ನು ಹಿಂಡಿ ಮೂರು ಮಾಡಿದ್ದರು. ಪ್ರತಿ ಸ್ಪರ್ಧೆಗೆ ನಿಗದಿಯಾಗಿದ್ದ ಸ್ಥಾನ ಹತ್ತು. ಅದರಲ್ಲಿ ಒಂದು ಆತಿಥೇಯ ಜಪಾನಿಗೆ. ನಾಲ್ಕು ಸ್ಥಾನ ಒಲಿಂಪಿಕ್ ಶ್ರೇಯಾಂಕದಲ್ಲಿ ಮೇಲಿದ್ದವರಿಗೆ. ಆ ಶ್ರೇಯಾಂಕಕ್ಕೆ ವಿಶ್ವ ಚಾಂಪಿಯನ್‌ಷಿಪ್, ಖಂಡಗಳ ಚಾಂಪಿಯನ್‌ಷಿಪ್, ಪ್ರೀಮಿಯರ್ ಲೀಗ್ ಮುಂತಾದ ಕೂಟಗಳಲ್ಲಿ ವರ್ಷಗಟ್ಟಲೆ ಅಂಕ ಕೂಡಿಸಬೇಕಾಗಿತ್ತು. ಮೂರು ಸ್ಥಾನ 2021ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅರ್ಹತಾ ಸ್ಪರ್ಧೆಯಲ್ಲಿ ಮೊದಲ ಮೂವರಿಗೆ. ಉಳಿದ ಎರಡು ಸ್ಥಾನ ಖಂಡಗಳ ಪ್ರಾತಿನಿಧ್ಯ ಮತ್ತು ವಿಶೇಷ ಆಹ್ವಾನಕ್ಕೆ. ಹೀಗೆ ಜಗತ್ತಿಗೆಲ್ಲ ಎಂಬತ್ತು ಸ್ಥಾನ. ಬಲ್ಗೇರಿಯ, ಸರ್ಬಿಯ, ಈಜಿಪ್ಟ್ ದೇಶಗಳ ಹೆಣ್ಣುಮಕ್ಕಳು ಅಲ್ಲಿ ಚಿನ್ನ ಗೆದ್ದರು. ನೂರಮೂವತ್ತು ಕೋಟಿ ದಾಟಿದ ಜನಸಂಖ್ಯೆಯ ಭಾರತದಿಂದ ಒಬ್ಬರೂ ಇರಲಿಲ್ಲ. ಅತ್ತ ನಮ್ಮ ಫ್ಲೆಕ್ಸುಗಳಲ್ಲಿ ಮಾತ್ರ ಅಂತರರಾಷ್ಟ್ರೀಯ ಚಾಂಪಿಯನ್ನರಿಗೆ ಬರವಿಲ್ಲ! 2024ರ ಪ್ಯಾರಿಸ್ ಕೂಟದಲ್ಲಿ ಕರಾಟೆ ಇರಲೇ ಇಲ್ಲ. ಈ ಸಂಗತಿಯನ್ನು ‘ಮುಂದಿನ ಒಲಿಂಪಿಕ್ಸಿಗೆ ತಯಾರಿ’ ಎಂದು ಹಣ ಕೇಳುವವರು ತಂದೆತಾಯಿಗಳಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಈ ಗೊಂದಲ ಕರಾಟೆಯಲ್ಲಿಯೇ ಏಕೆ ಇಷ್ಟು ಬೆಳೆಯಿತು? ಅದಕ್ಕೆ ಚಾರಿತ್ರಿಕ ಕಾರಣವೂ ಇದೆ. ಕರಾಟೆ ಹುಟ್ಟಿದ್ದು ಓಕಿನಾವ ದ್ವೀಪದಲ್ಲಿ. ಅದನ್ನು 1922ರಲ್ಲಿ ಟೋಕಿಯೊಗೆ ಒಯ್ದು ಪ್ರದರ್ಶಿಸಿ ಜಪಾನಿನಲ್ಲೆಲ್ಲ ಹರಡಿದ ಗಿಚಿನ್ ಫುನಕೋಶಿ ವೃತ್ತಿಯಿಂದ ನನ್ನಂತೆಯೇ ಶಾಲಾ ಮಾಸ್ತರು. ವಿದ್ಯೆಯನ್ನು ಸ್ಪರ್ಧೆಯ ಸರಕು ಮಾಡುವುದು ಅವರಿಗೆ ಇಷ್ಟವಿರಲಿಲ್ಲ. ಅವರು ತೀರಿಕೊಂಡ 1957ರಲ್ಲಿಯೇ ಜಪಾನ್ ಕರಾಟೆ ಸಂಘದ ಮೊದಲ ಅಖಿಲ ಜಪಾನ್ ಸ್ಪರ್ಧೆ ನಡೆದದ್ದು ಕಾಲದ ವಿಚಿತ್ರ. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1970ರಲ್ಲಿ. ಗುರುವಿನಿಂದ ಶಿಷ್ಯನಿಗೆ ಹರಿದ ವಿದ್ಯೆಯಾದ್ದರಿಂದ ಶೋಟೊಕಾನ್, ಗೋಜು ರ್ಯು, ಶಿಟೊ ರ್ಯು, ವಾಡೊ ರ್ಯು ಎಂದು ಶೈಲಿಗಳಾಗಿ ಅದು ಕವಲೊಡೆಯಿತು. ಒಂದೊಂದು ಶೈಲಿಯಲ್ಲಿಯೂ ಹಲವು ಸಂಘಟನೆಗಳು. ಪ್ರತಿ ಸಂಘಟನೆಯ ಹೆಸರಿನಲ್ಲಿಯೂ ‘ವಿಶ್ವ’, ‘ಅಂತರರಾಷ್ಟ್ರೀಯ’, ‘ಅಖಿಲ ಭಾರತ’. ನಮ್ಮಲ್ಲಿ ಮಠಗಳೂ ಮನೆತನಗಳೂ ಕವಲೊಡೆದಂತೆಯೇ ಇದು. ಶೈಲಿಯ ಸಂಘಟನೆಗಳೆಲ್ಲ ಮೋಸದವು ಎಂದು ನಾನು ಹೇಳಲಾರೆ. ನಿಷ್ಠೆಯಿಂದ ವಿದ್ಯೆ ಕಲಿಸುವವರು ಅವುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ತಮ್ಮ ಮನೆತನದ ಹಬ್ಬವನ್ನು ಅವರು ದೇಶದ ಪ್ರಾತಿನಿಧ್ಯವೆಂದು ಕರೆಯಬಾರದು.

ಮೇಲಿನವರ ಜಗಳವೂ ಕೆಳಗಿನವರ ಗೊಂದಲಕ್ಕೆ ಗೊಬ್ಬರವಾಯಿತು. ಭಾರತದಲ್ಲಿ ಕರಾಟೆಯ ರಾಷ್ಟ್ರೀಯ ಸಂಸ್ಥೆಯಾಗಿದ್ದ ಕರಾಟೆ ಅಸೋಸಿಯೇಷನ್ ಆಫ್ ಇಂಡಿಯಾದ ಮಾನ್ಯತೆಯನ್ನು ಒಳಜಗಳಗಳ ನಡುವೆ 2020ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯೂ ವಿಶ್ವ ಒಕ್ಕೂಟವೂ ಹಿಂತೆಗೆದುಕೊಂಡವು. ಆಮೇಲೆ ವಿಶ್ವ ಒಕ್ಕೂಟದಲ್ಲಿ ಭಾರತದ ಸ್ಥಾನಕ್ಕೆ ಬಂದದ್ದು ಕರಾಟೆ ಇಂಡಿಯಾ ಆರ್ಗನೈಸೇಷನ್ ಎಂಬ ಬೇರೊಂದು ಸಂಸ್ಥೆ. ದೆಹಲಿಯಲ್ಲಿ ಫಲಕ ಬದಲಾದರೆ ಸಿಂಧನೂರಿನ ರೈತನಿಗೆ ತಿಳಿಯುವ ಬಗೆ ಹೇಗೆ? ಮಗಳ ಕೈಯಲ್ಲಿರುವ ಪ್ರಮಾಣಪತ್ರ ಯಾವ ಕಾಲದ್ದು, ಆ ಕಾಲದಲ್ಲಿ ಅದನ್ನು ಕೊಟ್ಟವರಿಗೆ ಮಾನ್ಯತೆ ಇತ್ತೇ ಎಂಬುದನ್ನು ಅವನು ಯಾರನ್ನು ಕೇಳಬೇಕು? ಕೇಳಬೇಕಾದದ್ದು ಕಲಿಸುವ ಗುರುವನ್ನು. ಗುರು ಹೇಳಬೇಕಾದದ್ದು ಸತ್ಯವನ್ನು.

ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಮುಕ್ತ ಪ್ರವೇಶದ ಸ್ಪರ್ಧೆ ಎಂಬುದೇ ತಪ್ಪಲ್ಲ. ವಿಶ್ವ ಒಕ್ಕೂಟವೇ ಹದಿಹರೆಯದವರಿಗಾಗಿ ನಡೆಸುವ ಯೂತ್ ಲೀಗ್‌ನಲ್ಲಿ ಒಂದು ದೇಶದಿಂದ ಹಲವರು ಶುಲ್ಕ ಕಟ್ಟಿ ಭಾಗವಹಿಸಬಹುದು. ಆದರೆ ಅಲ್ಲಿಯೂ ಮಾನ್ಯ ರಾಷ್ಟ್ರೀಯ ಸಂಸ್ಥೆಯ ಮೂಲಕವೇ ಹೆಸರು ನೋಂದಣಿಯಾಗಬೇಕು. ಹೊರಗಿನ ಮಕ್ಕಳೊಡನೆ ಸೆಣಸಿದರೆ ಅನುಭವ ಬರುತ್ತದೆ, ಅಂಜಿಕೆ ಹೋಗುತ್ತದೆ. ನಮ್ಮ ಜಾತ್ರೆಗಳ ಕುಸ್ತಿಯೂ ಮುಕ್ತವೇ ಆಗಿತ್ತಲ್ಲವೇ? ಯಾವ ಊರಿನ ಪೈಲ್ವಾನನೂ ಕಣಕ್ಕಿಳಿಯಬಹುದಾಗಿತ್ತು. ಆದರೆ ಮುದಗಲ್ಲಿನ ಪೈಲ್ವಾನನೊಬ್ಬ ನೆರೆಯ ಸೀಮೆಯ ಪೈಲ್ವಾನನನ್ನು ಚಿತ್ ಮಾಡಿದರೆ ಅವನನ್ನು ‘ಜಾತ್ರೆಯಲ್ಲಿ ಗೆದ್ದವ’ ಎನ್ನುತ್ತಿದ್ದರು, ಬೆಳ್ಳಿಯ ಕಡಗ ತೊಡಿಸುತ್ತಿದ್ದರು. ‘ಭಾರತವನ್ನು ಪ್ರತಿನಿಧಿಸಿದವ’ ಎನ್ನುತ್ತಿರಲಿಲ್ಲ. ಕುಸ್ತಿ ಹಿಡಿಯುವವನಿಂದ ಹಣ ವಸೂಲು ಮಾಡುವ ಪದ್ಧತಿಯಂತೂ ಇರಲೇ ಇಲ್ಲ. ಊರವರೇ ಅವನಿಗೆ ಹಾಲು ಬಾದಾಮಿ ಕೊಟ್ಟು ಸಾಕುತ್ತಿದ್ದರು.

ಈ ಮಾತು ಆಡಿದಾಗಲೆಲ್ಲ ನನಗೆ ಮೂರು ಉತ್ತರಗಳು ಸಿಗುತ್ತವೆ.

ಮೊದಲನೆಯದು: “ಮಕ್ಕಳಿಗೆ ಉತ್ತೇಜನ ಬೇಡವೇ ಸರ್?” ಬೇಕು. ಆದರೆ ಉತ್ತೇಜನಕ್ಕೂ ಭ್ರಮೆಗೂ ವ್ಯತ್ಯಾಸವಿದೆ. ಒಂದೇ ವಿಭಾಗದಲ್ಲಿ ಮೂರು ಮಕ್ಕಳನ್ನು ನಿಲ್ಲಿಸಿ ಮೂವರಿಗೂ ಪದಕ ಹಂಚಿದರೆ, ಸೋಲದೆಯೇ ಗೆದ್ದ ಆ ಮಗುವಿಗೆ ಮುಂದೆ ನಿಜವಾದ ರಾಜ್ಯಮಟ್ಟದಲ್ಲಿ ಮೊದಲ ಸುತ್ತಿನಲ್ಲಿಯೇ ಏಟು ಬಿದ್ದಾಗ ಎದ್ದು ನಿಲ್ಲುವ ಶಕ್ತಿ ಎಲ್ಲಿಂದ ಬರಬೇಕು? ಲಿಂಗಸುಗೂರು ತಾಲೂಕಿನವರಿಗೆ ಚಿನ್ನದ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಟ್ಟಿಯ ಗಣಿಯಲ್ಲಿ ನೆಲದಾಳಕ್ಕಿಳಿದು, ಬಂಡೆ ಸಿಡಿಸಿ, ಟನ್ನುಗಟ್ಟಲೆ ಅದಿರನ್ನು ಮೇಲೆತ್ತಿ ಅರೆದರೆ ಟನ್ನಿಗೆ ಕೆಲವೇ ಗ್ರಾಂ ಚಿನ್ನ ದೊರಕುತ್ತದೆ. ಮೇಲೆತ್ತಿದ ಕಲ್ಲನ್ನೆಲ್ಲ ಚಿನ್ನವೆಂದು ಬರೆದಿಟ್ಟಿದ್ದರೆ ಆ ಗಣಿ ಎಂದೋ ಮುಚ್ಚಿಹೋಗುತ್ತಿತ್ತು.

ಎರಡನೆಯದು: “ನಮ್ಮದು ಹಿಂದುಳಿದ ಭಾಗ. ಇಷ್ಟಾದರೂ ಸಿಗಲಿ ಬಿಡಿ.” ಈ ಮಾತು ನನಗೆ ಅತ್ಯಂತ ನೋವು ಕೊಡುತ್ತದೆ. ಹಿಂದುಳಿದವರೆಂಬ ಕಾರಣಕ್ಕಾಗಿಯೇ ಸಂವಿಧಾನಕ್ಕೆ 371ಜೆ ವಿಧಿಯನ್ನು ಸೇರಿಸಿಕೊಂಡವರು ನಾವು. ಹಾಗೆ ಪಡೆದದ್ದು ಅಸಲು ಪಾಲನ್ನು ಕೇಳುವ ಹಕ್ಕು. ನಕಲಿಗೆ ತೃಪ್ತಿಪಡುವ ರಿಯಾಯಿತಿಯಲ್ಲ. ಸಿಂಧನೂರಿನ ಮಗುವಿಗೆ ಬೇಕಾದದ್ದು ಒಳ್ಳೆಯ ಮ್ಯಾಟ್ ಹಾಸಿದ ಒಂದು ಅಂಗಳ, ನಿಯಮ ಬಲ್ಲ ತೀರ್ಪುಗಾರರಿರುವ ಜಿಲ್ಲಾ ಸ್ಪರ್ಧೆ, ರಾಜ್ಯದ ಆಯ್ಕೆ ಯಾವಾಗ, ಎಲ್ಲಿ ಎಂಬ ಸುದ್ದಿ ಸಮಯಕ್ಕೆ ಸರಿಯಾಗಿ ತಲುಪುವುದು, ಸುಮಾರು ನಾನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿಬರುವ ಖರ್ಚು. ಫ್ಲೆಕ್ಸಿಗೂ ಸನ್ಮಾನದ ಶಾಲಿಗೂ ಖರ್ಚು ಮಾಡುವ ಹಣದಲ್ಲಿ ಇವುಗಳಲ್ಲಿ ಒಂದೆರಡಾದರೂ ಆದೀತು.

ಮೂರನೆಯದು: “ಕರಾಟೆ ಮಾಸ್ತರರೂ ಹೊಟ್ಟೆ ಹೊರೆಯಬೇಕಲ್ಲ.” ಹೌದು, ಹೊರೆಯಬೇಕು. ಬೆಳಗಿನ ಐದಕ್ಕೆ ಎದ್ದು, ಶಾಲೆಯ ಬಯಲಿನಲ್ಲಿ ಮಕ್ಕಳ ಬೆವರಿಳಿಸಿ, ಅಲ್ಪ ಶುಲ್ಕಕ್ಕೆ ಕಲಿಸುವವರ ಬಗ್ಗೆ ನನಗೆ ಗೌರವವಿದೆ. ಸರ್ಕಾರವೂ ಶಾಲೆಗಳಲ್ಲಿ ಹೆಣ್ಣುಮಕ್ಕಳ ಆತ್ಮರಕ್ಷಣೆಗೆಂದು ರಾಣಿ ಲಕ್ಷ್ಮೀಬಾಯಿ ಹೆಸರಿನ ತರಬೇತಿಯನ್ನು ಮಾಡಿಸುತ್ತದೆ. ಅದರಲ್ಲಿ ಕಲಿಸುವವರು ಇವರಂಥವರೇ. ಕತ್ತಲಾದ ಮೇಲೆ ಟ್ಯೂಷನ್ನಿನಿಂದ ಒಬ್ಬಳೇ ನಡೆದು ಬರುವ ಹುಡುಗಿಗೆ ಅವರು ಕೊಡುವ ಧೈರ್ಯಕ್ಕೆ ಬೆಲೆ ಕಟ್ಟಲಾಗದು. ಅಂಥ ಗುರುಗಳಿಗೆ ತಿಂಗಳ ಶುಲ್ಕವನ್ನು ಎರಡು ಪಟ್ಟು ಕೊಡಿ, ನಾನು ಬೇಡವೆನ್ನುವುದಿಲ್ಲ. ಕಲಿಸಿದ್ದಕ್ಕೆ ತೆಗೆದುಕೊಳ್ಳಲಿ, ಇಲ್ಲದ ಆಯ್ಕೆಯನ್ನು ಮಾರಿ ತೆಗೆದುಕೊಳ್ಳುವುದು ಬೇಡ.

ಇದರಿಂದ ನಿಜವಾದ ನಷ್ಟ ಯಾರಿಗೆಂದು ಯೋಚಿಸಿ. ಹಣವುಳ್ಳವರ ಮನೆಯಲ್ಲಿ ಇದೊಂದು ಪ್ರವಾಸ. ಪದಕ ಗಾಜಿನ ಕಪಾಟಿನಲ್ಲಿ ಕೂರುತ್ತದೆ, ಕಥೆ ಮುಗಿಯುತ್ತದೆ. ಸಾಲ ಮಾಡಿ ಕಳಿಸಿದ ತಂದೆಗೆ ಮಾತ್ರ ಅದು ಮಗಳ ಭವಿಷ್ಯ. ವೃತ್ತಿಶಿಕ್ಷಣದ ಸೀಟಿಗೆ ಕ್ರೀಡಾ ಕೋಟಾ ಇದೆ, ಕೆಲವು ಸರ್ಕಾರಿ ಹುದ್ದೆಗಳಿಗೂ ಇದೆ ಎಂದು ಯಾರೋ ಅವನಿಗೆ ಹೇಳಿರುತ್ತಾರೆ. ಅಲ್ಲಿ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟಾಗ ಅಧಿಕಾರಿ ಪದಕದ ಹೊಳಪನ್ನು ನೋಡುವುದಿಲ್ಲ. ಸ್ಪರ್ಧೆ ನಡೆಸಿದವರಿಗೆ ಮಾನ್ಯತೆಯಿತ್ತೇ, ಯಾವ ಮಟ್ಟದ್ದು ಎಂದು ನೋಡುತ್ತಾನೆ. ಇನ್ನು, ಎಂಟು ವರ್ಷ ಬೆವರು ಸುರಿಸಿ ಜಿಲ್ಲೆಯಲ್ಲಿ, ರಾಜ್ಯದಲ್ಲಿ ಗೆದ್ದು ರಾಷ್ಟ್ರೀಯ ಸ್ಪರ್ಧೆಯ ಎರಡನೆಯ ಸುತ್ತಿನಲ್ಲಿ ಸೋತು ಬಂದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅವಳ ಹೆಸರಿನಲ್ಲಿ ಫ್ಲೆಕ್ಸಿಲ್ಲ, ಏಕೆಂದರೆ ಅವಳು ‘ಅಂತರರಾಷ್ಟ್ರೀಯ’ ಅಲ್ಲ. ಪಕ್ಕದ ಮನೆಯ, ಆರು ತಿಂಗಳು ಕಲಿತ ಹುಡುಗ ತೆರೆದ ಜೀಪಿನಲ್ಲಿ ಮೆರವಣಿಗೆ ಹೋಗುತ್ತಿದ್ದಾನೆ. ಆ ಹುಡುಗಿ ನಾಳೆ ಅಭ್ಯಾಸಕ್ಕೆ ಯಾವ ಮನಸ್ಸಿನಿಂದ ಹೋದಾಳು? ಈ ರೂಢಿ ಮೊದಲು ಕೊಲ್ಲುವುದು ಇಂಥವಳನ್ನು.

ಮಸ್ಕಿಯ ಶಾಸನವನ್ನು ನಿಮಗೆಲ್ಲ ಕರೆದೊಯ್ದು ತೋರಿಸಿದ್ದು ನೆನಪಿರಬಹುದು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಆ ಬಂಡೆಗೆ ಜಗತ್ತೇ ಬೆಲೆ ಕೊಟ್ಟದ್ದು ಏಕೆ? ಬೇರೆಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಇತ್ತು. ನಮ್ಮ ಮಸ್ಕಿಯಲ್ಲಿ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಸಿಕ್ಕಿತು. ಬಿರುದು ಯಾರದು ಎಂಬುದು ಅದರಿಂದ ದೃಢಪಟ್ಟಿತು. ಪ್ರಮಾಣಪತ್ರದ ವಿಚಾರವೂ ಅಷ್ಟೆ. ‘ವಿಶ್ವ’, ‘ಅಂತರರಾಷ್ಟ್ರೀಯ’, ‘ಚಾಂಪಿಯನ್’ ಎಂಬ ಬಿರುದುಗಳನ್ನು ಬಿಟ್ಟು, ಕೊಟ್ಟವರ ಹೆಸರನ್ನು ಓದಿ.

ಮಕ್ಕಳನ್ನು ಕಳಿಸುವ ಮೊದಲು ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದಂತೆ ಬರೆಯುತ್ತೇನೆ. ಬೇಕಾದರೆ ಚೀಟಿಯಲ್ಲಿ ಬರೆದುಕೊಳ್ಳಿ.

ಒಂದು: ಈ ಸ್ಪರ್ಧೆಯನ್ನು ನಡೆಸುವವರು ಯಾರು? ವಿಶ್ವ ಒಕ್ಕೂಟ ಅಥವಾ ಏಷ್ಯಾ ಒಕ್ಕೂಟದ ಸ್ಪರ್ಧಾ ಪಟ್ಟಿಯಲ್ಲಿ ಇದರ ಹೆಸರಿದೆಯೇ?

ಎರಡು: ಆಯ್ಕೆ ಯಾವ ದಿನ, ಯಾವ ಊರಿನಲ್ಲಿ ನಡೆಯಿತು? ಎಷ್ಟು ಮಂದಿ ಬಂದಿದ್ದರು? ಆಯ್ಕೆಯಾಗದವರು ಯಾರು?

ಮೂರು: ನನ್ನ ಮಗುವಿನ ವಯಸ್ಸು ಮತ್ತು ತೂಕದ ವಿಭಾಗದಲ್ಲಿ ಸ್ಪರ್ಧಿಗಳೆಷ್ಟು? ಹೊರದೇಶದವರೆಷ್ಟು?

ನಾಲ್ಕು: ಹೆಸರು ಕಳಿಸುವವರು ವಿಶ್ವ ಒಕ್ಕೂಟದ ಸದಸ್ಯತ್ವವುಳ್ಳ ರಾಷ್ಟ್ರೀಯ ಸಂಸ್ಥೆಯೇ, ಅಲ್ಲವೇ?

ಐದು: ಕಟ್ಟುವ ಹಣಕ್ಕೆ ರಸೀದಿ ಕೊಡುವಿರಾ? ಯಾವುದಕ್ಕೆ ಎಷ್ಟು ಎಂದು ಅದರಲ್ಲಿ ಬರೆಯುವಿರಾ?

ಈ ಐದಕ್ಕೂ ನೇರ ಉತ್ತರ ಬಂದರೆ ಧಾರಾಳವಾಗಿ ಕಳಿಸಿ. ದೇಣಿಗೆ ಪುಸ್ತಕದಲ್ಲಿ ಮೊದಲ ಹೆಸರು ನನ್ನದಿರಲಿ. “ಇದು ಮುಕ್ತ ಸ್ಪರ್ಧೆ, ಅನುಭವಕ್ಕಾಗಿ ಹೋಗುತ್ತಿದ್ದೇವೆ” ಎಂದು ಪ್ರಾಮಾಣಿಕವಾಗಿ ಹೇಳಿದರೂ, ಸಾಲವಿಲ್ಲದೆ ಕೈಲಾಗುವುದಾದರೆ ಕಳಿಸಿ. ಪ್ರಶ್ನೆ ಕೇಳಿದ್ದಕ್ಕೇ ಸಿಟ್ಟಾದರೆ ನಿಮಗೆ ಉತ್ತರ ಸಿಕ್ಕಿತೆಂದು ತಿಳಿಯಿರಿ.

ನನ್ನ ವಿದ್ಯಾರ್ಥಿಗಳಲ್ಲಿ ಪತ್ರಕರ್ತರಿದ್ದೀರಿ. ಸುದ್ದಿ ಬರೆಯುವಾಗ ಸಂಘಟಕರ ಹೆಸರನ್ನೂ ಆಯ್ಕೆಯ ಬಗೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಬಂದ ಪ್ರಕಟಣೆಯನ್ನು ಹಾಗೆಯೇ ಅಚ್ಚಿಗೆ ಕಳಿಸಬೇಡಿ. ಪುರಸಭೆ, ನಗರಸಭೆ, ಪಂಚಾಯಿತಿಗಳ ಸದಸ್ಯರಿದ್ದೀರಿ. ಸನ್ಮಾನಕ್ಕೆ ಒಪ್ಪುವ ಮೊದಲು ಆ ಐದು ಪ್ರಶ್ನೆ ಕೇಳಿ. ಶಿಕ್ಷಕರಿದ್ದೀರಿ. ಪ್ರಾರ್ಥನೆಯ ಹೊತ್ತಿನಲ್ಲಿ ಚಪ್ಪಾಳೆ ಹೊಡೆಸುವಾಗ ಜಿಲ್ಲಾ ಮಟ್ಟದಲ್ಲಿ ಸೋತು ಬಂದ ಮಗುವನ್ನೂ ಕರೆದು ನಿಲ್ಲಿಸಿ. ದೇಶದಲ್ಲಿ 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ. ಕ್ರೀಡಾ ಸಂಸ್ಥೆಗಳ ಮಾನ್ಯತೆಗೆ ಒಂದು ಮಂಡಳಿ, ಅವುಗಳ ವ್ಯಾಜ್ಯಗಳಿಗೆ ಒಂದು ನ್ಯಾಯಮಂಡಳಿ ಎಂದು ಅದು ವಿಧಿಸುತ್ತದೆ. ಒಳ್ಳೆಯದೇ. ಆದರೆ ದೆಹಲಿಯ ಕಾಯ್ದೆ ಸಿಂಧನೂರಿನ ವೃತ್ತಕ್ಕೆ ಬಂದು ಫ್ಲೆಕ್ಸ್ ಓದುವುದಿಲ್ಲ. ಓದಬೇಕಾದವರು ನಾವು.

ನಮ್ಮ ಮೂರು ತಾಲೂಕುಗಳಿಂದ ಒಬ್ಬ ಹುಡುಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ತನ್ನ ತೂಕದ ವಿಭಾಗದಲ್ಲಿ ದೇಶಕ್ಕೆ ಒಬ್ಬಳಾಗಿ, ಬೆನ್ನ ಮೇಲೆ ಭಾರತದ ಹೆಸರು ಹೊತ್ತು ನಿಲ್ಲುವ ದಿನ ಬರಲಿ. ಅವಳ ಖರ್ಚಿಗೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಈಗಲೇ ತೆಗೆದಿಟ್ಟಿದ್ದೇನೆ. ಅವಳ ತಂದೆ ಸಾಲ ಮಾಡಬಾರದು.